ಎಲ್‌ಇಡಿ ಟೈಲ್ ಲ್ಯಾಂಪ್ ಹಾಕಿದ ಮೇಲೆ ಬರುವ ವೈರಿಂಗ್ ತೊಂದರೆಗಳು: ಹುಡುಕುವುದು ಹೇಗೆ, ಸರಿಪಡಿಸುವುದು ಹೇಗೆ

ಹಳೇ ಬಲ್ಬ್ ತೆಗೆದು ಎಲ್‌ಇಡಿ ಹಾಕಿ, ಡಿಕ್ಕಿ ಮುಚ್ಚಿ ಇಂಡಿಕೇಟರ್ ಹಾಕಿದರೆ ಅದು ಎರಡು ಪಟ್ಟು ವೇಗದಲ್ಲಿ ಬಡಿದುಕೊಳ್ಳುತ್ತದೆ. ಬ್ರೇಕ್ ಒತ್ತಿದರೆ ಪಕ್ಕದ ಇಂಡಿಕೇಟರೂ ಮಂಕಾಗಿ ಹೊತ್ತಿಕೊಳ್ಳುತ್ತದೆ. ಕೀ ತೆಗೆದು ಗಾಡಿ ಲಾಕ್ ಮಾಡಿದ ಮೇಲೂ ಕತ್ತಲಲ್ಲಿ ಸಣ್ಣಗೆ ಕೆಂಪು ಮಿಣುಕು ಉಳಿದಿರುತ್ತದೆ. ಅಂಗಡಿಗೆ ಹೋದರೆ ಸಿಗುವ ಮೊದಲ ಪರಿಹಾರ ‘ಒಂದು ರೆಸಿಸ್ಟರ್ ಹಾಕಿಬಿಡೋಣ’ (ರೆಸಿಸ್ಟರ್ ಅಂದರೆ ಬಲ್ಬಿನಂತೆ ಕರೆಂಟು ಎಳೆಯುವ ಬಿಡಿಭಾಗ). ಅದಕ್ಕೆ ಒಪ್ಪುವ ಮುಂಚೆ ಅರ್ಧ ಗಂಟೆ ಕೊಟ್ಟು ಅರ್ಥ್ (ಕರೆಂಟು ಗಾಡಿಯ ಬಾಡಿಯ ಮೂಲಕ ಬ್ಯಾಟರಿಯ ನೆಗೆಟಿವ್‌ಗೆ ಮರಳುವ ದಾರಿ) ನೋಡಿಬಿಡಿ. ಈ ತೊಂದರೆಗಳಲ್ಲಿ ಎಷ್ಟೋ ಗಾಡಿಯಲ್ಲಿ ಮೊದಲೇ ಇದ್ದವು. ಬಲ್ಬ್ ಅವನ್ನು ಮುಚ್ಚಿಟ್ಟಿತ್ತು, ಎಲ್‌ಇಡಿ ಬಯಲು ಮಾಡಿತು, ಅಷ್ಟೇ.

ಕಾರಣ ಲೆಕ್ಕದಲ್ಲೇ ಇದೆ. 21 ವ್ಯಾಟಿನ ಬ್ರೇಕ್ ಬಲ್ಬ್ 12 ವೋಲ್ಟಿಗೆ 1.75 ಆಂಪಿಯರ್ ಎಳೆಯುತ್ತದೆ. ಅದೇ ಜಾಗಕ್ಕೆ ಬಂದ ಎಲ್‌ಇಡಿ ಎಳೆಯುವುದು ಸಾಮಾನ್ಯವಾಗಿ 0.1ರಿಂದ 0.3 ಆಂಪಿಯರ್. ಇನ್ನೊಂದು ವ್ಯತ್ಯಾಸ ಇದಕ್ಕಿಂತ ಮುಖ್ಯ. ತಣ್ಣಗಿರುವ ಫಿಲಮೆಂಟಿನ (ಬಲ್ಬಿನೊಳಗಿನ ತಂತಿಯ) ರೆಸಿಸ್ಟೆನ್ಸ್ ಒಂದು ಓಮ್‌ಗಿಂತಲೂ ಕಡಿಮೆ. ಹಾಗಾಗಿ ಎಲ್ಲಿಂದಲೋ ಸೋರಿ ಬಂದ ಹತ್ತಿಪ್ಪತ್ತು ಮಿಲಿ ಆಂಪಿಯರ್ ಅದರ ಮೂಲಕ ಸದ್ದಿಲ್ಲದೆ ಅರ್ಥ್‌ಗೆ ಇಳಿದುಹೋಗುತ್ತದೆ, ಬಲ್ಬ್ ಬೆಳಗುವುದಿಲ್ಲ. ಎಲ್‌ಇಡಿಗೆ ಕಣ್ಣಿಗೆ ಕಾಣುವಷ್ಟು ಬೆಳಗಲು ಒಂದೆರಡು ಮಿಲಿ ಆಂಪಿಯರ್ ಸಾಕು.

ಮೊದಲು ಕೈಗೆ ಬೇಕಾದ ಸಾಮಾನು

10 ಆಂಪಿಯರ್ ರೇಂಜ್ ಇರುವ ಡಿಜಿಟಲ್ ಮಲ್ಟಿಮೀಟರ್ ಒಂದು. ಐದು ಮೀಟರ್ ಉದ್ದದ ಒಂಟಿ ವೈರ್, ಎರಡೂ ತುದಿಗೆ ಕ್ರೊಕೊಡೈಲ್ ಕ್ಲಿಪ್. ಎಮರಿ ಪೇಪರ್, 10 ಎಂಎಂ ಸ್ಪ್ಯಾನರ್, ಪೆಟ್ರೋಲಿಯಂ ಜೆಲ್ಲಿ, ಹೀಟ್ ಶ್ರಿಂಕ್ ಟ್ಯೂಬ್. ಇವಿಷ್ಟರ ಜೊತೆಗೆ, ನೀವು ತೆಗೆದಿಟ್ಟ ಹಳೇ ಬಲ್ಬ್‌ಗಳು. ಅವನ್ನು ಕಸಕ್ಕೆ ಹಾಕಿದ್ದರೆ 21 ವ್ಯಾಟಿನ ಒಂದು ಬಲ್ಬ್ ಮತ್ತು ಅದರ ಹೋಲ್ಡರ್ ಕೊಂಡು ತನ್ನಿ. ಹೋಲ್ಡರಿಗೆ ಎರಡು ವೈರ್ ಬೆಸೆದು ಟೆಸ್ಟ್ ಲ್ಯಾಂಪ್ ಮಾಡಿಕೊಳ್ಳಿ. ಈ ಕೆಲಸದಲ್ಲಿ ಮೀಟರ್ ಮಾತ್ರ ನಂಬಿದರೆ ಮೋಸ ಹೋಗುತ್ತೀರಿ. ಎಳೆಗಳು ತುಂಡಾಗಿ ಕಿಲುಬು ಹಿಡಿದ ವೈರಿನಲ್ಲೂ ಮೀಟರ್ 12 ವೋಲ್ಟ್ ತೋರಿಸುತ್ತದೆ, ಯಾಕೆಂದರೆ ಮೀಟರ್ ಕರೆಂಟ್ ಎಳೆಯುವುದೇ ಇಲ್ಲ. 21 ವ್ಯಾಟಿನ ಬಲ್ಬ್ ಹಚ್ಚಿದ ತಕ್ಷಣ ಅದೇ ವೈರಿನ ವೋಲ್ಟೇಜ್ ಕುಸಿದು ನಿಜ ಹೇಳುತ್ತದೆ.

ಬ್ರೇಕ್ ಒತ್ತಿ ಹಿಡಿಯಲು ಒಬ್ಬರು ಜೊತೆಗಿರಲಿ. ಯಾರೂ ಇಲ್ಲದಿದ್ದರೆ ಪೆಡಲ್ ಮತ್ತು ಸೀಟಿನ ನಡುವೆ ಒಂದು ಕೋಲು ಸಿಕ್ಕಿಸಿ.

ಹೆಜ್ಜೆ 1: ಹಳೇ ಬಲ್ಬ್ ವಾಪಸ್ ಹಾಕಿ ನೋಡಿ

ಒಂದು ಬದಿಯ ಎಲ್‌ಇಡಿ ತೆಗೆದು ಹಳೇ ಬಲ್ಬ್ ಹಾಕಿ. ಪಾರ್ಕ್ (ರಾತ್ರಿ ಉರಿಯುವ ಹಿಂದಿನ ದೀಪ), ಬ್ರೇಕ್, ಇಂಡಿಕೇಟರ್, ಹಜಾರ್ಡ್, ರಿವರ್ಸ್ ಒಂದೊಂದಾಗಿ ಹಚ್ಚಿ. ಕೊನೆಗೆ ಪಾರ್ಕ್, ಬ್ರೇಕ್, ಇಂಡಿಕೇಟರ್ ಮೂರನ್ನೂ ಒಟ್ಟಿಗೆ ಹಚ್ಚಿ ಎರಡು ಮಾರು ಹಿಂದೆ ನಿಂತು ನೋಡಿ. ಬಲ್ಬ್ ಹಾಕಿದರೂ ಒಂದು ಹಚ್ಚಿದಾಗ ಇನ್ನೊಂದು ಮಂಕಾದರೆ ತಪ್ಪು ವೈರಿಂಗಿನದು. ಬಲ್ಬಿನಲ್ಲಿ ಎಲ್ಲ ಸರಿಯಾಗಿ ಕಂಡರೂ ಎರಡನೇ ಹೆಜ್ಜೆ ಬಿಡಬೇಡಿ.

ಟಾಪ್ ವೇರಿಯಂಟಿನ ಇಡೀ ಎಲ್‌ಇಡಿ ಲ್ಯಾಂಪನ್ನೇ ಕೆಳ ವೇರಿಯಂಟ್ ಕಾರಿಗೆ ಕೂರಿಸಿದ್ದರೆ ಬಲ್ಬ್ ಹಾಕಲು ಜಾಗವೇ ಇರುವುದಿಲ್ಲ. ಆಗ ಗಾಡಿ ಕಡೆಯ ಕಪ್ಲರ್ (ವೈರುಗಳನ್ನು ಲ್ಯಾಂಪಿಗೆ ಸೇರಿಸುವ ಪ್ಲಗ್) ಬಿಚ್ಚಿ, ಅದರ ಒಂದೊಂದು ಪಿನ್‌ಗೂ ಅರ್ಥ್ ಪಿನ್‌ಗೂ ನಡುವೆ ಟೆಸ್ಟ್ ಲ್ಯಾಂಪ್ ಹಿಡಿದು ಯಾವ ಪಿನ್ ಯಾವ ಕೆಲಸಕ್ಕೆ ಎಂದು ಕಾಗದದಲ್ಲಿ ಬರೆದುಕೊಳ್ಳಿ. ಕಪ್ಲರ್ ಸಲೀಸಾಗಿ ಕೂತಿತು ಅಂದಮಾತ್ರಕ್ಕೆ ಪಿನ್ ಕ್ರಮ ಒಂದೇ ಇದೆ ಅಂದುಕೊಳ್ಳಬೇಡಿ. ವೈರಿನ ಬಣ್ಣವನ್ನೂ ನಂಬಬೇಡಿ. ಕಪ್ಪು ವೈರ್ ಹೆಚ್ಚಿನ ಗಾಡಿಗಳಲ್ಲಿ ಅರ್ಥ್ ನಿಜ, ಕೆಲವದರಲ್ಲಿ ಕಂದು ಬಣ್ಣದ್ದು ಅರ್ಥ್.

ಹೆಜ್ಜೆ 2: ಅರ್ಥ್ ಅಳೆಯಿರಿ

ಬೇರೇನೂ ಮಾಡದಿದ್ದರೂ ಇದೊಂದನ್ನು ಮಾಡಿ. ಹಿಂದಿನ ಲ್ಯಾಂಪಿನ ಎಲ್ಲ ಬಲ್ಬ್‌ಗಳಿಗೂ ಸಾಮಾನ್ಯವಾಗಿ ಒಂದೇ ಅರ್ಥ್ ವೈರ್. ಅದು ಕೆಟ್ಟರೆ ಬ್ರೇಕಿನ ಕರೆಂಟು ಇಳಿಯಲು ದಾರಿ ಕಾಣದೆ ಪಾರ್ಕ್ ಅಥವಾ ಇಂಡಿಕೇಟರ್ ಬಲ್ಬಿನೊಳಗೆ ನುಗ್ಗಿ, ಆ ವೈರ್ ಹಿಡಿದು ಮುಂದಿನ ಬಲ್ಬ್‌ವರೆಗೂ ಹೋಗಿ, ಅಲ್ಲಿನ ಅರ್ಥ್ ಹುಡುಕಿಕೊಳ್ಳುತ್ತದೆ. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿಣುಕುವುದು ಬಹುತೇಕ ಇದರಿಂದಲೇ.

ಬಲ್ಬ್‌ಗಳು ಹಾಕಿದ್ದಂತೆಯೇ ಇರಲಿ. ಮೀಟರನ್ನು ಡಿಸಿ 20 ವೋಲ್ಟಿಗೆ ಇಡಿ. ಉದ್ದನೆಯ ವೈರಿನಿಂದ ಕಪ್ಪು ಪ್ರೋಬನ್ನು ಬಾನೆಟ್ಟಿನ ಕೆಳಗಿರುವ ಬ್ಯಾಟರಿಯ ನೆಗೆಟಿವ್ ಟರ್ಮಿನಲ್‌ಗೆ ಜೋಡಿಸಿ. ಕೆಂಪು ಪ್ರೋಬನ್ನು ಕಪ್ಲರಿನ ಹಿಂಬದಿಯಿಂದ ಅರ್ಥ್ ಪಿನ್‌ಗೆ ತಾಗಿಸಿ. ಈಗ ಪಾರ್ಕ್ ಹಚ್ಚಿ ಬ್ರೇಕ್ ಒತ್ತಿಸಿ. 0.1 ವೋಲ್ಟಿಗಿಂತ ಕಡಿಮೆ ಬಂದರೆ ಅರ್ಥ್ ಗಟ್ಟಿಯಾಗಿದೆ. 0.3ರ ಹತ್ತಿರ ಬಂದರೆ ಬಿಚ್ಚಿ ತಿಕ್ಕಬೇಕು. ಅರ್ಧ ವೋಲ್ಟ್ ದಾಟಿದರೆ ಬೇರೆಲ್ಲೂ ಹುಡುಕಬೇಡಿ, ಕಳ್ಳ ಸಿಕ್ಕಿದ್ದಾನೆ.

ಈ ಪರೀಕ್ಷೆಯನ್ನು ಎಲ್‌ಇಡಿ ಹಾಕಿಟ್ಟು ಮಾಡಿದರೆ ಕೆಟ್ಟ ಅರ್ಥ್ ಕೂಡ ಒಳ್ಳೆಯದರಂತೆ ಕಾಣುತ್ತದೆ. ಒಂದು ಓಮ್ ಕಿಲುಬು ಹಿಡಿದ ಜಾಯಿಂಟಿನ ಮೂಲಕ 2 ಆಂಪಿಯರ್ ಹರಿದರೆ 2 ವೋಲ್ಟ್ ಬೀಳುತ್ತದೆ, 0.2 ಆಂಪಿಯರ್ ಹರಿದರೆ ಬೀಳುವುದು 0.2 ವೋಲ್ಟ್ ಮಾತ್ರ. ಹಾಗಾಗಿ ಲೋಡಿಗೆ, ಅಂದರೆ ಕರೆಂಟು ಎಳೆಯುವುದಕ್ಕೆ, ಬಲ್ಬ್ ಬೇಕೇ ಬೇಕು. ಇಡೀ ಎಲ್‌ಇಡಿ ಲ್ಯಾಂಪ್ ಇದ್ದವರು ಬ್ರೇಕ್ ಪಿನ್‌ಗೂ ಅರ್ಥ್ ಪಿನ್‌ಗೂ ಟೆಸ್ಟ್ ಲ್ಯಾಂಪ್ ಹಚ್ಚಿಟ್ಟು ಅಳೆಯಿರಿ.

ಅರ್ಥ್ ಬೋಲ್ಟ್ ಇರುವುದು ಸಾಮಾನ್ಯವಾಗಿ ಡಿಕ್ಕಿಯ ಪಕ್ಕದ ಹೊದಿಕೆಯ ಹಿಂದೆ, ಲ್ಯಾಂಪಿಗೆ ಒಂದೆರಡು ಅಡಿ ದೂರದಲ್ಲಿ. ಟೈಲ್ ಲ್ಯಾಂಪಿನ ಗ್ಯಾಸ್ಕೆಟ್ ಸಡಿಲವಾದರೆ ನೀರು ಇಳಿಯುವ ದಾರಿಯೂ ಅದೇ. ಬೋಲ್ಟ್ ಬಿಚ್ಚಿ ಉಂಗುರದ ಟರ್ಮಿನಲ್ ತಿರುಗಿಸಿ ನೋಡಿ. ಮೇಲ್ಮುಖ ಹೊಳೆಯುತ್ತಿದ್ದರೂ ಬಾಡಿಗೆ ಅಂಟಿದ ಅಡಿಮುಖದಲ್ಲಿ ಕಂದು ತುಕ್ಕಿನ ಬಳೆ ಮೂಡಿರುತ್ತದೆ. ವೈರ್ ಕ್ರಿಂಪ್ (ವೈರನ್ನು ಒತ್ತಿ ಹಿಡಿಯುವ ತಗಡಿನ ತೋಳು) ಒಳಗೆ ಹೋಗುವಲ್ಲಿ ತಾಮ್ರದ ಎಳೆಗಳು ಹಸಿರು ಪುಡಿಯಾಗಿ ಉದುರುತ್ತಿರಬಹುದು. ಪುಡಿಯಾಗುತ್ತಿದ್ದರೆ ತಿಕ್ಕಿ ಪ್ರಯೋಜನವಿಲ್ಲ. ಹೊಳೆಯುವ ತಾಮ್ರ ಸಿಗುವವರೆಗೆ ವೈರ್ ಕತ್ತರಿಸಿ ಹೊಸ ಉಂಗುರ ಒತ್ತಿ. ಬರೀ ತುಕ್ಕಾದರೆ ಎಮರಿಯಿಂದ ಉಂಗುರ, ಬೋಲ್ಟಿನ ತಲೆ, ಬಾಡಿಯ ತಗಡು ಮೂರನ್ನೂ ಲೋಹ ಕಾಣುವಂತೆ ತಿಕ್ಕಿ. ಬಿಗಿ ಮಾಡಿದ ಮೇಲೆ ಹೊರಗಿನಿಂದ ಪೆಟ್ರೋಲಿಯಂ ಜೆಲ್ಲಿ ಸವರಿ. ಕರಾವಳಿ, ಮಲೆನಾಡಿನ ಗಾಡಿಗಳಿಗೆ ಇದನ್ನು ಪ್ರತಿ ಮಳೆಗಾಲಕ್ಕೆ ಮುಂಚೆ ಒಮ್ಮೆ ಮಾಡಿದರೆ ಒಳ್ಳೆಯದು.

ಬೋಲ್ಟ್ ಚೆನ್ನಾಗಿದ್ದೂ ರೀಡಿಂಗ್ ಇಳಿಯದಿದ್ದರೆ ಬಲ್ಬ್ ಹೋಲ್ಡರಿನ ತಟ್ಟೆ ನೋಡಿ. ಅದರ ತಗಡಿನ ಪಟ್ಟಿಗಳನ್ನು ರಿವೆಟ್‌ನಿಂದ ಜೋಡಿಸಿದ ಕಡೆ ತುಕ್ಕು ಕೂರುತ್ತದೆ. ಅರ್ಥ್ ಪಟ್ಟಿಯಿಂದ ಕಪ್ಲರಿನ ಅರ್ಥ್ ವೈರಿಗೆ ಒಂದು ತುಂಡು ವೈರ್ ಬೆಸೆದರೆ ಮುಗಿಯಿತು. ಹೊಸ ಅರ್ಥ್ ಬೇಕೆಂದು ಡಿಕ್ಕಿಯ ತಳಕ್ಕೆ ಸಿಕ್ಕಲ್ಲಿ ಸ್ಕ್ರೂ ಕೊರೆಯಬೇಡಿ. ಅಡಿಯಲ್ಲಿ ಪೆಟ್ರೋಲ್ ಟ್ಯಾಂಕ್, ಬ್ರೇಕ್ ಪೈಪ್ ಇರುತ್ತವೆ.

ಹೆಜ್ಜೆ 3: ಓಡುವ ಇಂಡಿಕೇಟರ್

ಸರಿಯಾದ ಇಂಡಿಕೇಟರ್ ನಿಮಿಷಕ್ಕೆ 60ರಿಂದ 120 ಸಲ ಮಿನುಗಬೇಕು. ಲೋಡ್ ಇಳಿದರೆ ಗಾಡಿ ಒಂದು ಬಲ್ಬ್ ಹೋಯಿತೆಂದು ತಿಳಿದು, ನಿಮಗೆ ಗೊತ್ತಾಗಲಿ ಎಂದೇ ವೇಗ ಏರಿಸುತ್ತದೆ. ಅದು ತನ್ನ ಕೆಲಸ ಸರಿಯಾಗಿ ಮಾಡುತ್ತಿದೆ. ಪರಿಹಾರ ನಿಮ್ಮ ಗಾಡಿ ಲೋಡನ್ನು ಯಾವುದರಿಂದ ಅಳೆಯುತ್ತದೆ ಎಂಬುದರ ಮೇಲೆ ನಿಂತಿದೆ.

ಹಳೇ ಗಾಡಿಗಳಲ್ಲಿ ಡ್ಯಾಶ್‌ಬೋರ್ಡಿನ ಕೆಳಗೆ ಅಥವಾ ಫ್ಯೂಸ್ ಬಾಕ್ಸಿನಲ್ಲಿ ಇಂಡಿಕೇಟರ್ ಮಿನುಗಿಸುವ ಫ್ಲ್ಯಾಶರ್ ರಿಲೇ ಇರುತ್ತದೆ. ಹಜಾರ್ಡ್ ಹಾಕಿ ಬೆರಳಿಟ್ಟರೆ ಬಡಿತ ಕೈಗೆ ಸಿಗುತ್ತದೆ. ಅದನ್ನು ಕಿತ್ತು ಎಲ್‌ಇಡಿಗೆ ಹೊಂದುವ ಎಲೆಕ್ಟ್ರಾನಿಕ್ ಫ್ಲ್ಯಾಶರ್ ಹಾಕುವುದು ಅತ್ಯಂತ ಚೊಕ್ಕವಾದ ದಾರಿ. ಬಿಸಿ ಇಲ್ಲ, ವೈರ್ ಕತ್ತರಿಸುವುದಿಲ್ಲ. ಆದರೆ ಮೂರು ಪಿನ್ನಿನ ಫ್ಲ್ಯಾಶರ್‌ಗಳು ನೋಡಲು ಒಂದೇ ಥರ ಇದ್ದರೂ ಪಿನ್ ಕ್ರಮ ಬೇರೆ ಇರುತ್ತದೆ. ಹಳೆಯದನ್ನು ಅಂಗಡಿಗೆ ಒಯ್ದು ಪಿನ್ನಿನ ಬಳಿಯ ಗುರುತು ಹೋಲಿಸಿ. ಬಿ ಅಂದರೆ ಬ್ಯಾಟರಿ, ಎಲ್ ಅಂದರೆ ಲ್ಯಾಂಪ್, ಇ ಅಂದರೆ ಅರ್ಥ್. ಯುರೋಪಿನ ಗುರುತಾದರೆ ಕ್ರಮವಾಗಿ 49, 49ಎ, 31. ಎರಡೇ ಪಿನ್ನಿನ ಹಳೇ ರಿಲೇ ಇದ್ದು ಹೊಸದಕ್ಕೆ ಮೂರನೇ ಪಿನ್ ಇದ್ದರೆ ಅದರ ಅರ್ಥ್ ವೈರನ್ನು ಬಾಡಿಗೆ ಜೋಡಿಸಬೇಕು. ಒಂದು ಮಾತು ನೆನಪಿಡಿ: ಈ ಫ್ಲ್ಯಾಶರ್ ಹಾಕಿದ ಮೇಲೆ ಬಲ್ಬ್ ಹೋದರೂ ಗಾಡಿ ಹೇಳುವುದಿಲ್ಲ. ತಿಂಗಳಿಗೊಮ್ಮೆ ಇಳಿದು ನೋಡುವ ಅಭ್ಯಾಸ ಬೇಕು.

ಈಗಿನ ಗಾಡಿಗಳಲ್ಲಿ ರಿಲೇ ಇರುವುದಿಲ್ಲ, ಬಾಡಿ ಕಂಟ್ರೋಲ್ ಮಾಡ್ಯೂಲೇ (ದೀಪಗಳನ್ನು ನೋಡಿಕೊಳ್ಳುವ ಪುಟ್ಟ ಕಂಪ್ಯೂಟರ್) ಮಿನುಗಿಸುತ್ತದೆ, ಟಿಕ್‌ಟಿಕ್ ಸದ್ದು ಮೀಟರ್ ಕನ್ಸೋಲಿನ ಸ್ಪೀಕರಿನಿಂದ ಬರುತ್ತದೆ. ಕಂಪನಿಯೇ ಎಲ್‌ಇಡಿ ಕೊಡುವ ವೇರಿಯಂಟ್ ಇದ್ದರೆ ಕೆಲವು ಮಾದರಿಗಳಲ್ಲಿ ಸ್ಕ್ಯಾನರಿನಿಂದ ಲ್ಯಾಂಪಿನ ಬಗೆ ಬದಲಿಸಬಹುದು. ಸರ್ವೀಸ್ ಸೆಂಟರಿನಲ್ಲಿ ಮೊದಲು ಅದನ್ನು ಕೇಳಿ. ಅದು ಆಗದಿದ್ದರೆ ಮಾತ್ರ ರೆಸಿಸ್ಟರ್.

ರೆಸಿಸ್ಟರ್ ಹಾಕುವವರಿಗೆ

ಮಾರುಕಟ್ಟೆಯಲ್ಲಿ ಸಿಗುವುದು 6 ಓಮ್, 50 ವ್ಯಾಟಿನ ಚಿನ್ನದ ಬಣ್ಣದ ಅಲ್ಯೂಮಿನಿಯಂ ಪೆಟ್ಟಿಗೆ. ಬದಲಿಸಿದ ಪ್ರತಿ ಇಂಡಿಕೇಟರ್ ಬಲ್ಬಿಗೆ ಒಂದು ಬೇಕು. ಇಂಡಿಕೇಟರಿನ ಲೈವ್ ವೈರಿಗೆ ಒಂದು ತುದಿ, ಅರ್ಥ್‌ಗೆ ಇನ್ನೊಂದು ತುದಿ, ಅಂದರೆ ಎಲ್‌ಇಡಿಗೆ ಸಮಾನಾಂತರವಾಗಿ. ಎಲ್‌ಇಡಿಯ ದಾರಿಯಲ್ಲೇ ಸರಣಿಯಾಗಿ ಹಾಕಿದರೆ ವೇಗ ಇಳಿಯುವುದಿಲ್ಲ. ರೆಸಿಸ್ಟರಿಗೆ ಪ್ಲಸ್ ಮೈನಸ್ ಭೇದ ಇಲ್ಲ.

ಎಂಜಿನ್ ಚಾಲೂ ಇದ್ದಾಗ 13.8 ವೋಲ್ಟಿಗೆ ಇದು 2.3 ಆಂಪಿಯರ್ ಎಳೆದು ಸುಮಾರು 32 ವ್ಯಾಟ್ ಬಿಸಿ ಉಗುಳುತ್ತದೆ. ಮಿನುಗುವಾಗ ಅರ್ಧ ಹೊತ್ತು ಆರಿರುವುದರಿಂದ ಸರಾಸರಿ 16 ವ್ಯಾಟ್. ಸಿಗ್ನಲ್ಲಿನಲ್ಲಿ ಎರಡು ನಿಮಿಷ ಇಂಡಿಕೇಟರ್ ಹಾಕಿಕೊಂಡು ನಿಂತರೂ ಕೈ ಇಡಲಾಗದಷ್ಟು ಕಾಯುತ್ತದೆ. ‘50 ವ್ಯಾಟ್’ ಎಂಬ ಬರಹ ದಪ್ಪ ಲೋಹಕ್ಕೆ ಬೋಲ್ಟ್ ಹಾಕಿ ಕೂರಿಸಿದಾಗ ಮಾತ್ರ ನಿಜ. ಡಬಲ್ ಟೇಪಿನಲ್ಲಿ ಅಂಟಿಸಿದ, ಟೈ ಹಾಕಿ ವೈರಿಗೆ ನೇತುಹಾಕಿದ ರೆಸಿಸ್ಟರ್ ಪಕ್ಕದ ವೈರಿನ ಹೊದಿಕೆ ಕರಗಿಸಿ ಶಾರ್ಟ್ ಮಾಡುತ್ತದೆ. ಬಾಡಿಯ ಬರಿ ತಗಡಿಗೆ ಎರಡು ಬೋಲ್ಟ್‌ನಿಂದ ಬಿಗಿಯಿರಿ. ಬಂಪರಿನ ಪ್ಲಾಸ್ಟಿಕ್, ಲ್ಯಾಂಪಿನ ಬೆನ್ನು, ಡಿಕ್ಕಿಯ ಕಾರ್ಪೆಟ್, ವೈರಿನ ಕಟ್ಟು ಯಾವುದೂ ಐದು ಸೆಂಟಿಮೀಟರ್ ಒಳಗೆ ಇರಕೂಡದು.

ಫ್ಯೂಸಿನ ಲೆಕ್ಕವನ್ನೂ ಮಾಡಿ. ನಾಲ್ಕೂ ಇಂಡಿಕೇಟರಿಗೆ 6 ಓಮ್ ಹಾಕಿದರೆ ಹಜಾರ್ಡ್ ಹಾಕಿದಾಗ ಎಲ್‌ಇಡಿ ಸೇರಿ ಸುಮಾರು 10 ಆಂಪಿಯರ್ ಆಗುತ್ತದೆ. ಆ ಫ್ಯೂಸ್ 10 ಆಂಪಿನ ಕೆಂಪು ಬಣ್ಣದ್ದಾದರೆ ಯಾವಾಗ ಬೇಕಾದರೂ ಹೋಗಬಹುದು. ಅಲ್ಲಿ 15ರ ನೀಲಿ ಫ್ಯೂಸ್ ತುರುಕುವುದು ತಪ್ಪು, ಆಗ ಸುಡುವುದು ವೈರ್. ಬದಲಿಗೆ 8 ಓಮ್ ರೆಸಿಸ್ಟರ್ ಪ್ರಯತ್ನಿಸಿ. ಅದು 1.7 ಆಂಪಿಯರ್ ಎಳೆಯುತ್ತದೆ, ಬಹಳಷ್ಟು ಗಾಡಿಗಳಿಗೆ ಅಷ್ಟೇ ಸಾಕು. ಪಾರ್ಕ್ ಲೈಟಿನ ವೈರಿಗೆ 6 ಓಮ್ ಎಂದಿಗೂ ಬೇಡ. ಅದು ರಾತ್ರಿಯಿಡೀ ಉರಿಯುವ ಸರ್ಕ್ಯೂಟ್. 5 ವ್ಯಾಟಿನ ಬಲ್ಬಿಗೆ ಬದಲಾಗಿ 27 ಓಮ್, 25 ವ್ಯಾಟಿನದು ಸಾಕು.

ವೈರಿಗೆ ವೈರ್ ಜೋಡಿಸಲು ನೀಲಿ ಬಣ್ಣದ ಒತ್ತುವ ಟ್ಯಾಪ್ ಕ್ಲಿಪ್ ಕೊಡುತ್ತಾರೆ. ಅದರ ತಗಡು ವೈರಿನ ಒಂದಿಷ್ಟು ಎಳೆಗಳನ್ನು ಕತ್ತರಿಸಿಯೇ ಕೂರುತ್ತದೆ, ಉಳಿದವಕ್ಕೆ ನೀರು ಸೇರಿ ಕಿಲುಬು ಹಿಡಿಯುತ್ತದೆ. ಬೆಸುಗೆ ಹಾಕಿ ಹೀಟ್ ಶ್ರಿಂಕ್ ಏರಿಸಿ, ಅಥವಾ ಒಳಗೆ ಅಂಟು ಇರುವ ಕ್ರಿಂಪ್ ಬಳಸಿ. ರೆಸಿಸ್ಟರಿಗೆ ಎರಡು ಪಿನ್ನಿನ ಸಣ್ಣ ಕಪ್ಲರ್ ಇಟ್ಟರೆ ಮುಂದೆ ಬಿಚ್ಚುವುದು ಸುಲಭ. ಬೆಂಗಳೂರಿನವರಿಗೆ ಫ್ಲ್ಯಾಶರ್, ಕಪ್ಲರ್‌ಗಳಿಗೆ ಜೆ.ಸಿ. ರಸ್ತೆ, ರೆಸಿಸ್ಟರ್, ಡಯೋಡ್‌ಗಳಿಗೆ ಎಸ್.ಪಿ. ರಸ್ತೆ ಇದ್ದೇ ಇದೆ.

ಉಳಿದ ಲಕ್ಷಣಗಳು

ಬ್ರೇಕ್ ಒತ್ತಿದರೆ ನಂಬರ್ ಪ್ಲೇಟ್ ಲೈಟೂ ಡ್ಯಾಶ್‌ಬೋರ್ಡಿನ ಮೀಟರ್ ಲೈಟೂ ಹೊತ್ತುತ್ತವೆ: ಒಂದೇ ಕಾಂಟ್ಯಾಕ್ಟಿನ 1156 ಎಲ್‌ಇಡಿ ಎರಡು ಕಾಂಟ್ಯಾಕ್ಟಿನ 1157 ಹೋಲ್ಡರಿಗೆ ಸೇರಿಕೊಂಡಿದೆ. ಅದರ ತಳದ ಒಂದೇ ಬೊಟ್ಟು ಬ್ರೇಕ್, ಪಾರ್ಕ್ ಎರಡನ್ನೂ ಬೆಸೆದುಬಿಟ್ಟಿದೆ. ಬಲ್ಬ್ ಬದಲಿಸಿ. 1157ರ ಎರಡು ಕಿವಿಗಳು ಬೇರೆ ಬೇರೆ ಎತ್ತರದಲ್ಲಿ ಇರುವುದೇ ಉಲ್ಟಾ ಕೂರದಿರಲಿ ಎಂದು. ಬಲ ಹಾಕಿ ತಿರುಗಿಸಿ ಕೂರಿಸಿದ್ದರೆ ಪಾರ್ಕ್ ಹಚ್ಚಿದಾಗ ಬ್ರೇಕಿನಷ್ಟು ಬೆಳಕು, ಬ್ರೇಕ್ ಒತ್ತಿದಾಗ ಮಂಕು.

ಎಲ್‌ಇಡಿ ಹೊತ್ತುವುದೇ ಇಲ್ಲ: ಕಿವಿಯಿಲ್ಲದ, ಚಪ್ಪಟೆ ತಳದ ಬಲ್ಬಾದರೆ 180 ಡಿಗ್ರಿ ತಿರುಗಿಸಿ ಹಾಕಿ. ಅದಕ್ಕೆ ಪ್ಲಸ್ ಮೈನಸ್ ಉಂಟು. ಆಗಲೂ ಆಗಾಗ ಆರಿಹೋದರೆ ಹೋಲ್ಡರಿನ ತಾಮ್ರದ ಸ್ಪ್ರಿಂಗ್ ಅಗಲವಾಗಿದೆ. ಬ್ಯಾಟರಿ ನೆಗೆಟಿವ್ ಬಿಚ್ಚಿ, ಸಣ್ಣ ಸ್ಕ್ರೂಡ್ರೈವರಿನಿಂದ ಒಳಕ್ಕೆ ಬಾಗಿಸಿ.

ಎಡಕ್ಕೆ ಹಾಕಿದರೆ ನಾಲ್ಕೂ ಮಿನುಗುತ್ತವೆ: ಡ್ಯಾಶ್‌ಬೋರ್ಡಿನ ಮೀಟರಿನಲ್ಲಿ ಎರಡೂ ಬದಿಗೆ ಒಂದೇ ಬಾಣದ ದೀಪ ಇರುವ ಹಳೇ ಗಾಡಿಗಳ ಕಾಯಿಲೆ. ಆ ದೀಪ ಎಡ, ಬಲ ಸರ್ಕ್ಯೂಟುಗಳ ನಡುವೆ ಜೋಡಣೆಯಾಗಿದ್ದು, ಆರಿರುವ ಬದಿಯ ಬಲ್ಬ್ ಮೂಲಕ ಅರ್ಥ್ ಪಡೆಯುತ್ತದೆ. ಅಲ್ಲಿ ಈಗ ಎಲ್‌ಇಡಿ ಇರುವುದರಿಂದ ಅದೂ ಬೆಳಗುತ್ತದೆ. ಕರೆಂಟನ್ನು ಒಂದೇ ಕಡೆಗೆ ಬಿಡುವ 1ಎನ್4007 ಡಯೋಡ್ ಎರಡು ತನ್ನಿ. ಎಡದ ವೈರಿಗೊಂದು, ಬಲದ ವೈರಿಗೊಂದು, ಬಿಳಿ ಪಟ್ಟಿ ಇರುವ ತುದಿ ದೀಪದ ಕಡೆಗೆ. ಎರಡೂ ಪಟ್ಟಿ ತುದಿಗಳನ್ನು ಸೇರಿಸಿ ದೀಪದ ಒಂದು ಕಾಲಿಗೆ, ದೀಪದ ಇನ್ನೊಂದು ಕಾಲು ಅರ್ಥ್‌ಗೆ.

ಕೀ ತೆಗೆದರೂ ಮಿಣುಕು: ಮೊದಲು ಬ್ರೇಕ್ ಸ್ವಿಚ್ ನೋಡಿ. ಪೂರ್ತಿ ಬೆಳಕಿನಲ್ಲಿ ಬ್ರೇಕ್ ಲೈಟ್ ಉರಿಯುತ್ತಲೇ ಇದ್ದರೆ ಪೆಡಲಿನ ಮೇಲಿನ ರಬ್ಬರ್ ಗುಂಡಿ ಪುಡಿಯಾಗಿ ಸ್ವಿಚ್ಚಿನ ಕಡ್ಡಿ ತೂತಿನೊಳಗೆ ತೂರಿಕೊಂಡಿರುತ್ತದೆ. ಮ್ಯಾಟ್ ಮೇಲೆ ಬಿದ್ದ ಒಣ ರಬ್ಬರ್ ಚೂರು ಕಂಡರೆ ಅದೇ. ಇದಕ್ಕೂ ಎಲ್‌ಇಡಿಗೂ ಸಂಬಂಧವಿಲ್ಲ. ತೀರಾ ಮಂಕಾಗಿ, ಒಂದೇ ಸಮನೆ ಬೆಳಗಿದರೆ ಅದು ಸೋರಿಕೆ. 470 ಓಮ್, 1 ವ್ಯಾಟಿನ ಪುಟ್ಟ ರೆಸಿಸ್ಟರನ್ನು ಎಲ್‌ಇಡಿಗೆ ಸಮಾನಾಂತರವಾಗಿ ಹಾಕಿ. 2 ಮಿಲಿ ಆಂಪಿಯರ್ ಸೋರಿದರೂ ಅದರ ಮೇಲೆ ಒಂದು ವೋಲ್ಟ್ ಕೂಡ ಏಳುವುದಿಲ್ಲ, ಎಲ್‌ಇಡಿ ಆರುತ್ತದೆ. ಇದು ಹೆಚ್ಚು ಬಿಸಿಯಾಗುವುದಿಲ್ಲ.

ಲಯಬದ್ಧವಾಗಿ ಮಿಂಚುತ್ತದೆ: ಬಲ್ಬ್ ಇದೆಯೇ ಎಂದು ಮಾಡ್ಯೂಲ್ ಆಗಾಗ ಕಳಿಸುವ ಪುಟ್ಟ ಪಲ್ಸ್‌ಗಳು ಇವು. ಫಿಲಮೆಂಟ್ ಕಾಯುವಷ್ಟು ಹೊತ್ತು ಅವು ಇರುವುದಿಲ್ಲ, ಎಲ್‌ಇಡಿ ಮಾತ್ರ ಪ್ರತಿಯೊಂದಕ್ಕೂ ಮಿಂಚುತ್ತದೆ. ಒಂದೇ ಬಲ್ಬನ್ನು ಪಲ್ಸ್ ಮೂಲಕ ಮಂಕು ಮಾಡಿ ಪಾರ್ಕಿಗೂ, ಪೂರ್ತಿ ಹಚ್ಚಿ ಬ್ರೇಕಿಗೂ ಬಳಸುವ ಗಾಡಿಗಳಲ್ಲೂ ಇದೇ ಗೋಳು. ಈ ಪಲ್ಸ್‌ಗಳನ್ನು ಸಮ ಮಾಡುವ, ಒಳಗೆ ಕೆಪಾಸಿಟರ್ ಇರುವ ಕ್ಯಾನ್‌ಬಸ್ ಡಿಕೋಡರ್ ಬೇಕಾಗುತ್ತದೆ.

ಕ್ರೂಸ್ ಕಂಟ್ರೋಲ್ ನಿಂತುಹೋಗಿದೆ: ಕೆಲವು ಗಾಡಿಗಳ ಕ್ರೂಸ್ ಯೂನಿಟ್ ಬ್ರೇಕ್ ಬಲ್ಬಿನ ತಣ್ಣನೆಯ ಫಿಲಮೆಂಟ್ ಮೂಲಕ ಅರ್ಥ್ ಸಿಗುತ್ತಿದೆಯೇ ಎಂದು ನೋಡುತ್ತದೆ. ಎಲ್ಲ ಬ್ರೇಕ್ ದೀಪಗಳೂ ಎಲ್‌ಇಡಿ ಆದರೆ ಆ ದಾರಿ ಮುಚ್ಚಿಹೋಗುತ್ತದೆ. ಒಂದು ಕಡೆ ಮಾಮೂಲಿ ಬಲ್ಬ್ ಉಳಿಸಿ ನೋಡಿ. ಸರಿಯಾದರೆ ಬ್ರೇಕ್ ವೈರಿಗೆ ಒಂದು ಲೋಡ್ ರೆಸಿಸ್ಟರ್ ಸಾಕು.

ಎರಡು ಮೂರು ದಿನ ನಿಲ್ಲಿಸಿದರೆ ಸ್ಟಾರ್ಟ್ ಆಗುವುದಿಲ್ಲ: ಲಾಕ್ ತೆಗೆದಾಗ ಕುಣಿಯುವ ಲ್ಯಾಂಪ್‌ಗಳಿಗೆ ಬ್ಯಾಟರಿಯಿಂದ ನೇರ ವೈರ್ ಎಳೆದಿರುತ್ತಾರೆ. ಕೀ ತೆಗೆದು, ಬಾಗಿಲು ಮುಚ್ಚಿ, ಬ್ಯಾಟರಿ ನೆಗೆಟಿವ್‌ನಲ್ಲಿ ಮೀಟರನ್ನು 10 ಆಂಪಿಯರ್ ರೇಂಜಿನಲ್ಲಿ ಸರಣಿಯಾಗಿ ಇಟ್ಟು ಅರ್ಧ ಗಂಟೆ ಬಿಡಿ. 0.05 ಆಂಪಿಯರ್ ಒಳಗಿರಬೇಕು. 0.2 ಬಂದರೆ 35 ಆಂಪಿಯರ್ ಅವರ್ ಬ್ಯಾಟರಿ ನಾಲ್ಕು ದಿನದೊಳಗೆ ಅರ್ಧ ಖಾಲಿ. ಮೀಟರ್ ಸೇರಿಸಿಟ್ಟು ಸ್ಟಾರ್ಟ್ ಮಾಡಬೇಡಿ, ಮೀಟರಿನ ಫ್ಯೂಸ್ ಹಾರುತ್ತದೆ.

ಲ್ಯಾಂಪಿನೊಳಗೆ ಹನಿ: ಬಲ್ಬಿನ ಬಿಸಿಗೆ ಆರುತ್ತಿದ್ದ ತೇವ ಎಲ್‌ಇಡಿಯಲ್ಲಿ ಹಾಗೇ ಉಳಿಯುತ್ತದೆ. ಗ್ಯಾಸ್ಕೆಟ್ ಸುತ್ತ ಬ್ಯುಟೈಲ್ ಟೇಪ್ ಒತ್ತಿ. ಗಾಳಿಯಾಡುವ ತೂತನ್ನು ಮಾತ್ರ ಮುಚ್ಚಬೇಡಿ.

ಕೊನೆಯ ಪರೀಕ್ಷೆ

ಕೆಂಪು ಗಾಜಿನ ಹಿಂದೆ ಕೆಂಪು ಎಲ್‌ಇಡಿಯನ್ನೇ ಹಾಕಿ. ಬಿಳಿ ಎಲ್‌ಇಡಿಯಲ್ಲಿ ಕೆಂಪು ಬೆಳಕು ಕಡಿಮೆ, ಗಾಜು ಉಳಿದದ್ದನ್ನು ನುಂಗಿ ಬೆಳಕು ಗುಲಾಬಿಯಾಗಿ ಸೊರಗುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳು 1989ರ ಪ್ರಕಾರ ಹಿಂದಿನ ದೀಪ ಕೆಂಪು, ಇಂಡಿಕೇಟರ್ ಕಿತ್ತಳೆ ಹಳದಿ ಇರಬೇಕು, ಹಿಂಬದಿಯಲ್ಲಿ ಕೆಂಪು ರಿಫ್ಲೆಕ್ಟರೂ ಇರಬೇಕು. ಕಪ್ಪು ಹೊಗೆ ಬಣ್ಣದ ಲ್ಯಾಂಪ್ ಕೊಂಡರೆ ಈ ರಿಫ್ಲೆಕ್ಟರ್ ಅದರಲ್ಲಿ ಇದೆಯೇ ನೋಡಿ, ಇಲ್ಲದಿದ್ದರೆ ಬಂಪರಿಗೆ ಬೇರೆ ಅಂಟಿಸಿ.

ರಾತ್ರಿ ಹೊತ್ತು ಎಂಜಿನ್ ಚಾಲೂ ಇಟ್ಟು ಹದಿನೈದು ಮೀಟರ್ ಹಿಂದೆ ನಿಲ್ಲಿ. ಪಾರ್ಕಿಗೂ ಬ್ರೇಕಿಗೂ ವ್ಯತ್ಯಾಸ ಮೊದಲ ನೋಟಕ್ಕೇ ತಿಳಿಯಬೇಕು. ತಿಳಿಯದಿದ್ದರೆ ಹಿಂದೆ ಬರುವ ಲಾರಿಯವನಿಗೂ ನೀವು ಬ್ರೇಕ್ ಹಾಕಿದ್ದು ತಿಳಿಯುವುದಿಲ್ಲ, ಆ ಎಲ್‌ಇಡಿಯನ್ನು ತೆಗೆದುಬಿಡಿ. ಮುಂದಿನ ಭಾನುವಾರ ಹಗಲಲ್ಲಿ ರೆಸಿಸ್ಟರ್ ಸುತ್ತಲಿನ ಬಣ್ಣ ಕಂದಿದೆಯೇ, ಜಾಯಿಂಟುಗಳು ಬಿಸಿಯಾಗುತ್ತಿವೆಯೇ ಎಂದು ಮುಟ್ಟಿ ನೋಡಿ.

ಹಳೇ ಬಲ್ಬ್‌ಗಳನ್ನು ಬಟ್ಟೆಯಲ್ಲಿ ಸುತ್ತಿ ಸ್ಟೆಪ್ನಿ ಪಕ್ಕದಲ್ಲಿಡಿ. ದೂರದ ದಾರಿಯಲ್ಲಿ ಎಲ್‌ಇಡಿ ಕೈಕೊಟ್ಟರೆ ಅವೇ ಆಸರೆ. ಹಾಗೆ ಬಲ್ಬ್ ಹಾಕುವ ಮುಂಚೆ ಆ ಬದಿಯ ರೆಸಿಸ್ಟರಿನ ಕಪ್ಲರ್ ಬಿಚ್ಚಿರಿ, ಇಲ್ಲದಿದ್ದರೆ ಎರಡೂ ಸೇರಿ ಒಂದೇ ವೈರಿನಲ್ಲಿ ನಾಲ್ಕು ಆಂಪಿಯರ್ ಎಳೆಯುತ್ತವೆ.